ಅಂಬರಾಯ ತಾನೇ ಅಳೆದುಕೊಂಡ ಕಾವು

ನಾಗೇಂದ್ರಪ್ಪ ಆಡಿದ ಮಾತನ್ನು ಅಂಬರಾಯ ಇವತ್ತಿಗೂ ಮರೆತಿಲ್ಲ. ಮರೆಯುವ ವಿಚಾರವೂ ಅವನಿಗಿಲ್ಲ. ಮಾತು ಖರೇ ಇತ್ತೋ ಸುಳ್ಳಿತ್ತೋ, ಅದು ಬೇರೆ. ಭಂಕೂರ ಖಣಿಯ ದಂಡೆ ಮೇಲೆ, ಜಬೀನಾಳ ಚಹಾದಂಗಡಿ ಮುಂದೆ, ಊರ ಮಂದಿಯೆಲ್ಲ ಕಪ್ಪು-ಬಸಿ ಹಿಡಿದು ಕೂತಿದ್ದಾಗ ಅವನನ್ನು ಮೇಲಿಂದ ಕೆಳಗೆ ನೋಡಿ ಆಡಿದ್ದು, ಅದು ದೊಡ್ಡದು.

"ಗಿಡ್ಡ ಮನಷ್ಯಾಗ ಗಿಡ್ಡ ಕೋಲೇ ಬರಾಬರ್, ಅಂಬರಾಯ. ಉದ್ದಂದು ಹಿಡದ್ರ ಕೋಲು ನಿನ್ನ ಆಡಸ್ತದ, ನೀ ಕೋಲು ಆಡಸಂಗಿಲ್ಲ."

ಮಂದಿ ನಕ್ಕರು. ಅವನ ಜೊತೆಗೇ ಖಣಿಯಲ್ಲಿ ಕಲ್ಲು ಎತ್ತುವ ಬೀರೇಶ ಅಂತೂ ಚಹಾ ಮೂಗಿಗೆ ಏರುವಷ್ಟು ನಕ್ಕ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅಂಬರಾಯ ಅಂಗಿಯ ತೋಳು ಏರಿಸಿ ಎದ್ದೇಬಿಡುತ್ತಿದ್ದ. ಆದರೆ ನಾಗೇಂದ್ರಪ್ಪ ಊರ ಅಳಿಯ. ಭಂಕೂರಿನವರು ಹೆಣ್ಣು ಕೊಟ್ಟ ಮನುಷ್ಯ. ಅಳಿಯನ ಮೇಲೆ ಕೈ ಎತ್ತಿದರೆ ಇಡೀ ಊರು ಎದುರು ನಿಲ್ಲುತ್ತದೆ. ಅಂಬರಾಯ ಹಲ್ಲು ಕಚ್ಚಿಕೊಂಡು ಬಸಿಯಲ್ಲಿದ್ದ ಚಹಾ ನೆಲಕ್ಕೆ ಚೆಲ್ಲಿ ಹೊಂಟುಹೋದ.

ಗಿಡ್ಡ ಅನ್ನುವ ಮಾತು ಅವನಿಗೆ ಹೊಸದಲ್ಲ. ಕನ್ನಡ ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವಾಗ ಸಾಲಿನ ಮುಂದೆ ಯಾವಾಗಲೂ ಅವನೇ. ತನಗಿಂತ ಸಣ್ಣ ತರಗತಿಯ ಹುಡುಗರೂ ತಲೆ ಮೇಲೆ ಕೈಯಿಟ್ಟು ಅಳೆದು ಹೋಗುತ್ತಿದ್ದರು. ಒಂದು ದಿನ ಹಾಗೆ ಅಳೆದವನ ಹಲ್ಲು ಉದುರಿಸಿ ಶಾಲೆ ಬಿಟ್ಟ, ಅಪ್ಪನ ಹಿಂದೆ ಖಣಿಗೆ ಇಳಿದ. ಅಲ್ಲಿ ಅವನ ಎತ್ತರ ಯಾರೂ ಕೇಳಲಿಲ್ಲ. ಫರ್ಸಿ ಕಲ್ಲು ಪದರು ಪದರಾಗಿ ಮಲಗಿರುತ್ತದೆ. ಬೆಣೆ ಹಾಕಿ ಘಣದ ದೊಡ್ಡ ಸುತ್ತಿಗೆ ಎತ್ತಿ ಹೊಡೆದರೆ ಮೇಲಿನ ಪದರು ಹಪ್ಪಳದ ಹಾಗೆ ಬಿಡಿಸಿಕೊಂಡು ಬರಬೇಕು. ಅಂಬರಾಯ ಹೊಡೆದರೆ ಬರುತ್ತಿತ್ತು. ಘಣ ತಲೆಯ ಮೇಲೆ ಎತ್ತಿ ನಿಂತ ಗಳಿಗೆಯಲ್ಲಿ ಅವನೂ ಎಲ್ಲರಷ್ಟೇ ಎತ್ತರ.

ನಾಗೇಂದ್ರಪ್ಪ ಅಂದ ಕೋಲು ಗಾಲ್ಫ್ ಆಟದ್ದು. ಆ ಆಟವನ್ನು ಭಂಕೂರಿಗೆ ತಂದವನೂ ನಾಗೇಂದ್ರಪ್ಪನೇ. ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಕಾಲೋನಿಯಲ್ಲಿ ಸಾಹೇಬರು ಆಡುವ ಹುಲ್ಲಿನ ಮೈದಾನಕ್ಕೆ ನೀರು ಬಿಡುವ ಕೆಲಸ ಅವನದು. ಹಿಡಿಕೆಯ ಕಾವು ಮುರಿದ ಕೋಲುಗಳನ್ನು ಸಾಹೇಬರು ಬಿಸಾಕುವಾಗ ಕೇಳಿ ಇಸಕೊಂಡ. ಪೊದೆಯೊಳಗೆ ಕಳೆದ ಚೆಂಡುಗಳನ್ನು ಆರಿಸಿಕೊಂಡ. ಒಂದು ಐತವಾರ ಬೀಗರ ಊರಿಗೆ ಬಂದಾಗ ಚೀಲ ಬಿಚ್ಚಿ, "ನಿಮ್ಮ ಹಳೇ ಖಣಿ ಎಷ್ಟು ಸಪಾಟ ಅದ ನೋಡ್ರಿ, ನಮ್ಮ ಸಾಹೇಬರ ಮೈದಾನಕ್ಕಿಂತ ಛಲೋ" ಅಂದ.

ಸಪಾಟ ಇದ್ದದ್ದು ಖರೇ. ಕಲ್ಲು ತೆಗೆದು ಮುಗಿದ ಖಣಿಯ ತಳ ಫರ್ಸಿ ಹಾಸಿದ ಅಂಗಳದ ಹಾಗೆ ಚಾಚಿತ್ತು. ಅಲ್ಲಲ್ಲಿ ಕಲ್ಲಿನ ಪುಡಿಯ ದಿಬ್ಬ, ನಡುವೆ ಮಳೆನೀರು ನಿಂತ ದೊಡ್ಡ ಹೊಂಡ, ಸುತ್ತಲೂ ಜಾಲಿ. ಕಲ್ಲಿನಲ್ಲಿ ಕುಳಿ ತೋಡುವುದು ಯಾರಿಗೆ ಬೇಕು? ಪುಡಿಯ ದಿಬ್ಬಗಳಲ್ಲಿ ಎಣ್ಣೆ ಡಬ್ಬಿ ಹೂತು ಅದನ್ನೇ ಕುಳಿ ಮಾಡಿದರು. ದೂರದಿಂದ ಹೊಡೆಯುತ್ತ ಬಂದು ಚೆಂಡನ್ನು ಡಬ್ಬಿಗೆ ಹಾಕಬೇಕು. ಕಡಿಮೆ ಹೊಡೆತದಲ್ಲಿ ಹಾಕಿದವನು ಗೆದ್ದ. ಇಷ್ಟೇ ಆಟ. ಐತವಾರ ಮುಂಜಾನೆ ಇಸ್ಪೀಟು ಎಲೆ ಆಡುತ್ತಿದ್ದವರೆಲ್ಲ ಈಗ ಕೋಲು ಹಿಡಿದರು.

ನಾಗೇಂದ್ರಪ್ಪ ತಂದದ್ದು ಕಬ್ಬಿಣದ ತಲೆಗಳನ್ನಷ್ಟೇ. ಕಾವು ಅವರವರೇ ಹಾಕಿಕೊಳ್ಳಬೇಕು. ಆ ಚಹಾದಂಗಡಿಯ ಮಾತು ಬಂದದ್ದು ಆಗ. ಮರುದಿನವೇ ಅಂಬರಾಯ ಕೆಲಸ ತಪ್ಪಿಸಿ ಸೇಡಂ ಬಸ್ಸು ಹತ್ತಿ, ಅಲ್ಲಿಯ ಗುಜರಿ ಅಂಗಡಿಯಲ್ಲಿ ಇದ್ದದ್ದರಲ್ಲೇ ಉದ್ದನೆಯ ಸಣ್ಣ ಉಕ್ಕಿನ ಕೊಳವೆ ಹುಡುಕಿದ. ಮೈಗೆ ಆನಿಸಿ ತಾನೇ ಅಳೆದ. ಅಳೆಯುವಾಗ ಸ್ವಲ್ಪ ಹಿಮ್ಮಡಿ ಎತ್ತಿದನೇನೋ, ಅದು ಅವನಿಗೇ ಗೊತ್ತು. ಬೆಸುಗೆ ಹಾಕಿಸಿ ತಂದ ಕೋಲು ನೆಲಕ್ಕೆ ಊರಿದರೆ ಕಂಕುಳಿಗೆ ಬರುತ್ತಿತ್ತು. ನಾಗೇಂದ್ರಪ್ಪನ ಕೋಲಿಗಿಂತಲೂ ಗೇಣುದ್ದ ಹೆಚ್ಚು.

ಹೆಂಡತಿ ಸುಂದರಬಾಯಿ ಅದನ್ನು ಬಾಗಿಲಲ್ಲಿ ನೋಡಿದಳು. ದಂಡೋತಿಯ ಹೆಣ್ಣು, ನಾಲಿಗೆ ಹರಿತ.

"ಏನ್ರಿ, ಇದಕ್ಕ ಅರಬಿ ಒಣಹಾಕಲೇನ್ರಿ? ಅಂಗಳದಾಗ ಗೂಟ ಮುರದದ."

"ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿ."

"ಬಡೀತೀನಿ. ನೀವು ಅದರಾಗ ನಿಮ್ಮ ಕಾಲು ಬಡಕೋಬ್ಯಾಡ್ರಿ ಮತ್ತ."

ಮೊದಲ ಹೊಡೆತ ಮಾತ್ರ ಸುಂದರಬಾಯಿಯ ಬಾಯಿ ಮುಚ್ಚಿಸುವಂಥದು. ಚೆಂಡು ದಿಬ್ಬ ದಾಟಿ, ಹೊಂಡ ದಾಟಿ, ಜಾಲಿ ದಾಟಿ ಹೋಯಿತು. "ಅಬಬಬ!" ಅಂದ ಬೀರೇಶ. ಯಾರ ಚೆಂಡೂ ಅಷ್ಟು ದೂರ ಹೋಗಿರಲಿಲ್ಲ. ಅಂಬರಾಯ ಕೋಲು ಹೆಗಲಿಗಿಟ್ಟು ನಿಂತ ಠೀವಿ ನೋಡಬೇಕಿತ್ತು.

ಆದರೆ ಅಂಥ ಹೊಡೆತ ಮತ್ತೆ ಬರಲೇ ಇಲ್ಲ. ಎರಡನೆಯದು ಬಲಕ್ಕೆ ಜಾಲಿಯೊಳಗೆ. ಮೂರನೆಯದು ನೆಲ ಕೆರೆದು ಅಲ್ಲೇ ಉರುಳಿತು. ಆಮೇಲಿನದು ಹೊಂಡಕ್ಕೆ. ಖಣಿಯಲ್ಲಿ ಕಲಿತ ಬುದ್ಧಿ ಅವನಿಗೆ ಒಂದೇ ಮಾತು ಹೇಳುತ್ತಿತ್ತು: ಕಾವು ಉದ್ದ ಇದ್ದಷ್ಟು ಹೊಡೆತ ಜೋರು. ಘಣದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಘಣದ ಕೆಳಗೆ ಮಲಗಿದ ಕಲ್ಲು ಕಟ್ಟೆಯಷ್ಟು ದೊಡ್ಡದು. ಎರಡು ಬೆರಳು ಆಚೀಚೆ ಬಿದ್ದರೂ ಒಡೆಯುತ್ತದೆ. ಈ ಚೆಂಡು ಲಿಂಬೆಕಾಯಿಯಷ್ಟು. ಉದ್ದ ಕಾವು ಕೋಲಿನ ತಲೆಗೆ ಓಟ ಕೊಡುತ್ತದೆ, ಆದರೆ ಓಡಿದ ತಲೆ ಎಲ್ಲಿ ಬಡಿಯುತ್ತದೆ ಅನ್ನುವುದು ಕೈಗೆ ತಿಳಿಯುವುದಿಲ್ಲ. ಇದು ಅಂಬರಾಯನಿಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ನಾಗೇಂದ್ರಪ್ಪನ ನಗು ನೆನಪಾಗಿ ಅದನ್ನು ತುಳಿದು ಹಾಕುತ್ತಿದ್ದ.

ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ಐತವಾರ ಅವನ ಚೆಂಡು ಹಾರಿ ಹೋಗಿ ಜಬೀನಾಳ ಅಂಗಡಿಯ ತಗಡಿಗೆ ಬಡಿದು, ಅಲ್ಲಿಂದ ಪುಟಿದು, ಒಲೆ ಮೇಲಿನ ಹಾಲಿನ ಪಾತೇಲಿಯೊಳಗೆ ಬಿತ್ತು. ಕುದಿಯುವ ಹಾಲು ಸಿಡಿದು ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಲಾರಿ ಡ್ರೈವರನ ಮುಂಗೈ ಸುಟ್ಟಿತು. ಡ್ರೈವರ ಖಣಿ ಮಾಲೀಕನ ಹತ್ತಿರ ಹೋಗಿ ಕೈ ತೋರಿಸಿದ.

ಸಂಜೆಗೆ ಬೀರೇಶ ಅಂಬರಾಯನ ಮನೆ ಕಟ್ಟೆಗೆ ಬಂದು ಕುಂತ. ಅವತ್ತು ಅವನ ಮುಖದಲ್ಲಿ ನಗುವಿರಲಿಲ್ಲ.

"ಮಾಲೀಕ್ರು ಒಂದೇ ಮಾತು ಹೇಳ್ಯಾರ. ಇನ್ನೊಂದು ಚೆಂಡು ಖಣಿ ದಾಟಿ ಹೊರಗ ಬಿತ್ತಂದ್ರ ಆಟನೇ ಬಂದ್. ಯಾರೂ ಒಳಗ ಕಾಲಿಡಂಗಿಲ್ಲ."

"ಅದಕ್ಕ?"

"ಮುಂದಿನ ಹುಣ್ಣಿಮಿ ಆದ ಮ್ಯಾಲಿನ ಐತವಾರ ವಾಡಿಯವರು ಪಂದ್ಯಕ್ಕ ಬರ್ತಾರ. ನೀ ಆಡಬ್ಯಾಡ."

"ಬ್ಯಾಡ ಅನ್ಲಿಕ್ಕ ನೀ ಯಾಂವ?"

"ನಾ ಯಾಂವನೂ ಅಲ್ಲ. ಮಂದಿ ಅನ್ಲಿಕತ್ತಾರ. ನಿನ್ನ ಒಬ್ಬನ ಸಲುವಾಗಿ ಎಲ್ಲರ ಆಟ ಹೋಗ್ಬೇಕೇನು?"

ಅಂಬರಾಯ ಎದ್ದು ನಿಂತ. "ನಾ ಆಡಾಂವನೇ. ಹೋಗಿ ಹೇಳು. ಅವತ್ತು ನನ್ನ ಚೆಂಡು ಹೊರಗ ಬಿತ್ತಂದ್ರ ಕೋಲು ಹೊಂಡಕ್ಕ ಒಗದು, ಜನ್ಮದಾಗ ಆ ಕಡಿ ಮಾರಿ ಹಾಕಂಗಿಲ್ಲ."

ಬೀರೇಶ ಹೋದ. ಮಾತು ಬಾಯಿಂದ ಹೋಗಿಬಿಟ್ಟಿತ್ತು. ಅಂಬರಾಯನಿಗೆ ಆ ಆಟದ ಮೇಲೆ ಎಷ್ಟು ಜೀವ ಇದೆ ಅನ್ನುವುದು ಅವನಿಗೇ ಆಗ ತಿಳಿಯಿತು. ವಾರವೆಲ್ಲ ಮಾಲೀಕನ ಕಲ್ಲು ಒಡೆಯುವ ಮನುಷ್ಯ. ಐತವಾರ ಒಂದು ದಿನ ಅದೇ ಖಣಿಯೊಳಗೆ ತನ್ನ ಖುಷಿಗೆ ಒಂದು ಕೋಲು ಎತ್ತುತ್ತಿದ್ದ. ಅದು ಹೋದರೆ ಉಳಿಯುವುದು ಘಣ ಒಂದೇ.

ಮರುದಿನದಿಂದ ಹೊತ್ತು ಹುಟ್ಟುವ ಮೊದಲೇ ಖಣಿಗಿಳಿದು, ಕಲ್ಲಿನ ಗೋಡೆಗೆ ಮುಖಮಾಡಿ ಹೊಡೆಯತೊಡಗಿದ. ಇದ್ದ ಚೆಂಡುಗಳೆಲ್ಲ ಕಲ್ಲಿಗೆ ಬಡಿದು ಒಡೆದು ಮುಗಿದವು. ಹಿಂದೆ ಅಂಗಡಿ ಕಡೆ ಹಾರಿ ಬಂದವುಗಳನ್ನೆಲ್ಲ ಜಬೀನಾ ಡಬ್ಬಿಯಲ್ಲಿ ತುಂಬಿ ಇಟ್ಟುಕೊಂಡಿದ್ದಳು. ಕೇಳಲು ಹೋಗದೆ ಬೇರೆ ದಾರಿ ಇರಲಿಲ್ಲ.

ಜಬೀನಾಳ ಗಂಡ ಮೊದಲು ಅಂಬರಾಯನ ಜೋಡಿಯೇ ಘಣ ಹೊಡೆಯುತ್ತಿದ್ದವನು; ಈಗ ಲಾರಿ ಮೇಲೆ ಊರೂರು ತಿರುಗುತ್ತಾನೆ. ಅವಳೂ ಒಂದು ಕಾಲಕ್ಕೆ ಖಣಿಯಲ್ಲಿ ಫರ್ಸಿ ಹೊತ್ತವಳು. ಅಂಬರಾಯ ಅಂಗಡಿ ಮುಂದೆ ನಿಂತಾಗ ತಲೆ ಎತ್ತದೆ ಚಹಾ ಸೋಸಿದಳು.

"ಭಾಬಿ, ಚೆಂಡು ಕೊಡ್ರಿ."

"ಹಾಲು ಕೊಡ್ತೀರೇನ್ ಭೈಯಾ? ಪೂರಾ ಪಾತೇಲಿ ಹೋಯ್ತು."

"ನಾಳಿಗಿ ನಮ್ಮ ಎಮ್ಮಿ ಹಾಲು ಕಳಸ್ತೀನಿ."

"ಹಾಲು ಇರ್ಲಿ. ನನ್ನ ತಗಡು ನೋಡ್ರಿ, ಸೊಟ್ಟ ಆಗಿ ಕುಂತದ. ನೀವು ಹೊಡಿಯೂದು ಚೆಂಡಿಗೋ ನನ್ನ ಅಂಗಡಿಗೋ?" ಸೋಸಣಿಗೆ ಬಡಿದು ಇಟ್ಟು, ಮೊದಲ ಸಲ ಅವನ ಕೈಯಲ್ಲಿದ್ದ ಕೋಲನ್ನು ಸರಿಯಾಗಿ ನೋಡಿದಳು. "ಒಂದು ಮಾತು ಕೇಳ್ತೀನಿ. ನಿಮ್ಮ ಘಣದ ಕಾವು ಯಾರು ಅಳದ್ರು?"

"ನಿಮ್ಮವರೇ ಅಳದಾರ. ಅವರದು ನಾ ಅಳದೀನಿ. ಚುಕ್ತಾ ಆಗ್ಯದ."

"ಈ ಕೋಲಿಂದು ಯಾರು ಅಳದ್ರು?"

ಅಂಬರಾಯ ಕೋಲನ್ನು ಬೆನ್ನ ಹಿಂದೆ ಸರಿಸಿದ.

"ನೀವೇ ಅಳಕೊಂಡೀರಿ," ಅಂದಳು ಜಬೀನಾ. "ಖಣ್ಯಾಗ ಹುಟ್ಟಿ ಬೆಳದ ಮನಷ್ಯಾ, ತನ್ನ ಕಾವು ತಾನೇ ಅಳಕೊಂತಾನೇನ್ ಭೈಯಾ?"

ಭಂಕೂರ ಖಣಿಯಲ್ಲಿ ಅದೊಂದು ಪದ್ಧತಿ. ಹೊಸ ಘಣಕ್ಕೆ ಕಾವು ಹಾಕುವಾಗ ಯಾರೂ ತಮ್ಮದನ್ನು ತಾವೇ ಅಳೆಯುವುದಿಲ್ಲ. ಘಣದವನು ಕೈ ಜೋತುಬಿಟ್ಟು, ಕಣ್ಣು ದೂರ ಇಟ್ಟು ನಿಲ್ಲಬೇಕು. ಇನ್ನೊಬ್ಬರು ನೆಲದಿಂದ ಅವನ ಮಣಿಕಟ್ಟಿನವರೆಗೆ ಕಡ್ಡಿ ಹಿಡಿದು ಗುರುತು ಮಾಡಬೇಕು. ತಾನೇ ಅಳೆದುಕೊಂಡರೆ ಮನುಷ್ಯ ತನಗೇ ಗೊತ್ತಿಲ್ಲದೆ ಎದೆ ಉಬ್ಬಿಸುತ್ತಾನೆ, ಹೆಗಲು ಎತ್ತುತ್ತಾನೆ, ಕಾವು ಸುಳ್ಳಾಗುತ್ತದೆ. ಸುಳ್ಳು ಕಾವಿನಿಂದ ಮೊಣಕಾಲು ಒಡೆದುಕೊಂಡವರನ್ನು ಅಂಬರಾಯನೇ ಹೊತ್ತುಕೊಂಡು ಶಹಾಬಾದ ದವಾಖಾನೆಗೆ ಹೋಗಿದ್ದ. ಅಳೆದವರಿಗೆ ಕೂಲಿ ಇಲ್ಲ. ಅಳೆಸಿಕೊಂಡವನು ಮುಂದೆ ಅವರ ಕಾವು ಅಳೆದುಕೊಡಬೇಕು. ಆ ಋಣ ತೀರುವ ತನಕ ಅವನು ಬೇರೆ ಯಾರ ಕಾವನ್ನೂ ಅಳೆಯುವ ಹಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯನೇ ಸೇಡಂ ಗುಜರಿ ಅಂಗಡಿಯಲ್ಲಿ ಹಿಮ್ಮಡಿ ಎತ್ತಿ ನಿಂತಿದ್ದ. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದೆ ಅಂಗಡಿ ಮುಂದಿನ ಕಲ್ಲಿಗೆ ಒದ್ದ. ಹೆಬ್ಬೆರಳು ನೊಂದಿತು.

"ಅಳೀರಿ ಹಂಗಾದ್ರ," ಅಂದ.

"ನಾನಾ?"

"ಮತ್ತ್ಯಾರು? ಬೀರೇಶಗ ಕೇಳಿದ್ರ ನಕ್ಕೋತ ಅಳೀತಾನ. ನಿಮಗ ನಗೂ ಬರಂಗಿಲ್ಲ, ಹಾಲು ಹೋಗ್ಯದ."

ಜಬೀನಾ ಕೈ ಒರೆಸಿಕೊಂಡು ಹೊರಗೆ ಬಂದಳು. "ಹೊಡಿಯೂ ಹಂಗ ನಿಂದರ್ರಿ. ಕೈ ಬಿಡ್ರಿ. ಕೆಳಗ ನೋಡಬ್ಯಾಡ್ರಿ, ಆ ಬೇವಿನ ಗಿಡ ನೋಡ್ರಿ. ಹೆಗಲು ಯಾಕ ಎತ್ತೀರಿ? ಇಳಸ್ರಿ. ಇನ್ನ, ಇನ್ನ ಇಳಸ್ರಿ. ಇಲ್ಲಿ ನಿಮ್ಮ ಫೋಟೋ ತಗೀಲಿಕತ್ತಿಲ್ಲ."

ಕೋಲಿನ ತಲೆ ನೆಲಕ್ಕಿಟ್ಟು, ಜೋತುಬಿದ್ದ ಕೈ ಎಲ್ಲಿ ತಾಗುತ್ತದೋ ಅಲ್ಲಿ, ಕಲ್ಲಿಗೆ ಗೆರೆ ಹಾಕುವ ಗೇರುಮಣ್ಣಿನ ತುಂಡಿನಿಂದ ಕೆಂಪು ಗುರುತು ಮಾಡಿದಳು. ಗುರುತಿನ ಮೇಲೆ ಇನ್ನೂ ಮೊಳದಷ್ಟು ಕೊಳವೆ ಉಳಿದಿತ್ತು.

"ಇಷ್ಟು ಕಡೀಬೇಕಾ?" ಅಂಬರಾಯನ ದನಿ ಇಳಿಯಿತು.

"ಕಡಿಯೂದು ಬಿಡೂದು ನಿಮ್ಮದು. ನಾ ಅಳದೀನಿ," ಅಂದು ಜಬೀನಾ ಚೆಂಡಿನ ಡಬ್ಬಿ ಅವನ ಕೈಗಿಟ್ಟಳು.

ಕಡಿದರೆ ಮತ್ತೆ ಬೆಳೆಯುವುದಿಲ್ಲ. ಅದೂ ಅಲ್ಲದೆ ಕಡಿದ ದಿನ ನಾಗೇಂದ್ರಪ್ಪನ ಮಾತು ಗೆದ್ದ ಹಾಗೆ. ಮೊದಲು ಕಡಿಯದೆ, ಗುರುತಿನ ಹತ್ತಿರ ಹಿಡಿದು ಹೊಡೆದು ನೋಡಿದ. ಮೇಲೆ ಉಳಿದ ತುದಿ ಬೀಸುವಾಗ ಸೀದಾ ಹೊಟ್ಟೆಗೆ ತಿವಿಯಿತು. "ಹಾ!" ಅಂತ ಬಗ್ಗಿದ. ಆದರೆ ಬಗ್ಗಿಕೊಂಡೇ ನೋಡಿದ: ಚೆಂಡು ಗೋಡೆಯ ನಡುವಿಗೆ, ಗುರಿ ಇಟ್ಟ ಬಿರುಕಿನ ಪಕ್ಕಕ್ಕೇ ಬಡಿದಿತ್ತು.

ಆಮೇಲೆ ಅವನು ಒಂದು ಕೆಲಸ ಮಾಡಿದ. ಗೇರುಮಣ್ಣು ನೀರಲ್ಲಿ ಕಲಸಿ ಕೋಲಿನ ತಲೆಗೆ ಬಳಿದ, ಚೆಂಡು ಬಡಿದಲ್ಲಿ ಗುರುತು ಕಾಣಲಿ ಅಂತ. ಉದ್ದಕ್ಕೆ ಹಿಡಿದು ಹೊಡೆದಾಗ ಗುರುತು ಒಮ್ಮೆ ತುದಿಗೆ, ಒಮ್ಮೆ ಬುಡಕ್ಕೆ, ಒಮ್ಮೆ ಅಂಚಿಗೆ, ಕೋಳಿ ಕಾಳು ಹೆಕ್ಕಿದ ಹಾಗೆ. ಗಿಡ್ಡಕ್ಕೆ ಹಿಡಿದಾಗ, ಹೊಟ್ಟೆ ತಿವಿಸಿಕೊಂಡರೂ, ಗುರುತುಗಳೆಲ್ಲ ನಟ್ಟನಡುವೆ ಒಂದರ ಮೇಲೊಂದು. ನಡುವೆ ಬಡಿದ ಚೆಂಡಿನ ಸದ್ದೇ ಬೇರೆ. ಪದರು ಬಿಡಿಸಿದಾಗ ಫರ್ಸಿ ಕೊಡುವ ಸದ್ದು ಅದು. ಇನ್ನೂ ಒಂದು ಕಂಡಿತು: ಉದ್ದ ಕೋಲಿಗೆ ಚೆಂಡಿನಿಂದ ದೂರ ನಿಲ್ಲಬೇಕು, ಕೋಲು ಅಡ್ಡಡ್ಡ ತಿರುಗಿ ಕುಡುಗೋಲಿನ ಹಾಗೆ ಚೆಂಡನ್ನು ಪಕ್ಕಕ್ಕೆ ಎಳೆಯುತ್ತದೆ. ಹತ್ತಿರ ನಿಂತರೆ ಮೇಲಿನಿಂದ ಕೆಳಗೆ ಬೀಸುತ್ತದೆ, ಘಣದ ಹಾಗೆ. ಘಣ ಬೀಸುವುದನ್ನು ಅಂಬರಾಯನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಂಜೆ ಅಂಗಳದಲ್ಲಿ ಕೋಲನ್ನು ಒರಳಿಗೆ ಆನಿಸಿ ಗರಗಸ ಹಿಡಿದ. ಸುಂದರಬಾಯಿ ಬಂದು ನಿಂತಳು. ಏನಾದರೂ ಅಂದಾಳು ಅಂತ ಅವನು ಕಾದ. ಅವಳು ಕುಂತು, ಕೊಳವೆ ಅಲುಗಾಡದಂತೆ ಇನ್ನೊಂದು ತುದಿ ಗಟ್ಟಿಯಾಗಿ ಹಿಡಿದಳು. ಗುರುತಿನ ಮೇಲೆ ಗರಗಸ ಆಡಿತು. ಉಳಿದ ತುಂಡು ಠಣ್ ಅಂತ ಬಿತ್ತು.

"ಇದು ನನಗಿರ್ಲಿ," ಅಂದಳು ಸುಂದರಬಾಯಿ. "ಒಲಿ ಊದ್ಲಿಕ್ಕ ಛಲೋ ಅದ."

ಕಡಿದ ಮೇಲೆ ಕೋಲಿನ ತಲೆ ಹಗುರ ಅನಿಸಿತು; ಕೈಗೆ ತಲೆ ಎಲ್ಲಿದೆ ಅಂತಲೇ ತಿಳಿಯದ ಹಾಗೆ. ಮೊದಲ ದಿನ ನೆಲವನ್ನೂ ಹೊಡೆದ, ಗಾಳಿಯನ್ನೂ ಹೊಡೆದ. ಸಿಟ್ಟಿನಿಂದ ಕೋಲು ಬಿಸಾಕಿದ, ತಾನೇ ಹೋಗಿ ಎತ್ತಿಕೊಂಡು ಬಂದ. ಮೀನು ಹಿಡಿಯುವವರ ಹತ್ತಿರ ಬಲೆಯ ಸೀಸ ಇಸಕೊಂಡು, ಬಡಿದು ಪಟ್ಟಿ ಮಾಡಿ ತಲೆಯ ಹಿಂದೆ ಸುತ್ತಿದ. ತೂಕ ಮರಳಿತು. ಅಲ್ಲಿಂದ ಒಂದು ಮುಂಜಾನೆಯನ್ನೂ ಬಿಡಲಿಲ್ಲ. ಕೈಗೆ ಬೊಕ್ಕೆ ಬಂದರೆ ಅರಬಿ ಸುತ್ತಿಕೊಂಡ. ಒಂದೇ ಚಿಂತೆ ಉಳಿದಿತ್ತು: ಈ ಗಿಡ್ಡ ಕೋಲಿನಿಂದ ಹೊಂಡ ದಾಟುತ್ತದೋ ಇಲ್ಲವೋ. ಕೊನೆಯ ಡಬ್ಬಿ ಹೊಂಡದ ಆಚೆ ಇತ್ತು. ಅದಕ್ಕೆ ಹೊಡೆದು ನೋಡಲು ಧೈರ್ಯ ಸಾಲಲಿಲ್ಲ. ಇದ್ದ ಚೆಂಡೇ ನಾಲ್ಕಾರು, ನೀರಿಗೆ ಬಿದ್ದರೆ ಸಿಗುವುದಿಲ್ಲ.

ಪಂದ್ಯದ ದಿನ ವಾಡಿಯವರು ಟಂಟಂ ಗಾಡಿ ಮಾಡಿಕೊಂಡು ಬಂದರು. ನಾಗೇಂದ್ರಪ್ಪ ಇಳಿದವನೇ ಅಂಬರಾಯನ ಕೋಲು ನೋಡಿ ಹುಬ್ಬು ಏರಿಸಿದ.

"ಏನೋ ಅಂಬರಾಯ, ಮಳಿಗಿ ನೆನದು ಕುಗ್ಗ್ಯದೇನು ಕೋಲು?"

"ಆಟ ಆಡ್ಲಿಕ್ಕ ಬಂದೀರೋ ಮಾತಾಡ್ಲಿಕ್ಕ ಬಂದೀರೋ ಅಳಿಯಾ?"

ಖಣಿ ಮಾಲೀಕನ ಮನುಷ್ಯನೊಬ್ಬ ದಂಡೆ ಮೇಲೆ ಛತ್ರಿ ಹಿಡಿದು ಕುಂತಿದ್ದ, ಚೆಂಡು ಹೊರಗೆ ಬೀಳುವುದನ್ನೇ ಕಾಯುತ್ತ. ಜಬೀನಾ ಹಾಲಿನ ಪಾತೇಲಿಗೆ ಮುಚ್ಚಳದ ಮೇಲೆ ಕಲ್ಲು ಹೇರಿದ್ದಳು. ಅಂಬರಾಯ ಹೊಡೆಯಲು ನಿಂತಾಗಲೆಲ್ಲ ಭಂಕೂರಿನವರೇ ಮೊದಲು ತಲೆ ಬಗ್ಗಿಸುತ್ತಿದ್ದರು. ಆದರೆ ಚೆಂಡು ದಿಬ್ಬದಿಂದ ದಿಬ್ಬಕ್ಕೆ ನೆಟ್ಟಗೆ ಹೋಯಿತು. ಬಹಳ ದೂರ ಅಲ್ಲ, ಅಂದ ಕಡೆಗೆ. ಒಂದೊಂದೇ ಡಬ್ಬಿ ಮುಗಿದ ಹಾಗೆ ಬಗ್ಗಿದ ತಲೆಗಳು ಮೇಲೆದ್ದವು.

ಕೊನೆಗೆ ಹೊಂಡ. ನಾಗೇಂದ್ರಪ್ಪ ಮೊದಲು ಹೊಡೆದ. ಉದ್ದನೆಯ ಮನುಷ್ಯ, ಉದ್ದನೆಯ ಕೋಲು, ಚೆಂಡು ನೀರು ದಾಟಿ ಆಚೆ ದಂಡೆಯ ಕಲ್ಲಿಗೆ ಬಡಿದು ಪುಟಿದು ಡಬ್ಬಿಯಿಂದ ದೂರ ನಿಂತಿತು. ಅಂಬರಾಯ ಚೆಂಡಿನ ಹತ್ತಿರ ಹೋದ. ಹಿಂದಿನಿಂದ ಬೀರೇಶ ಮೆಲ್ಲಗೆ ಅಂದ, "ಹೊಂಡ ಬ್ಯಾಡೋ. ಸುತ್ತಿ ಹೊಡಿ. ಎರಡು ಹೊಡತ ಹೆಚ್ಚಾದ್ರ ಆಗ್ಲಿ."

"ಸುಮ್ಮ ನಿಂದ್ರು."

ಜೋರು ಹೊಡೆಯಬೇಕು ಅಂತ ಹೆಗಲು ತಾನಾಗಿ ಎದ್ದಿತ್ತು. ಅದು ಅವನಿಗೆ ತಿಳಿಯಿತು. ಇಳಿಸಿದ. ಇನ್ನೂ ಇಳಿಸಿದ. ಕೈ ಜೋತುಬಿಟ್ಟ. ಆಮೇಲೆ ಎತ್ತಿ ಬೀಸಿದ, ಜೋರಾಗಿ ಅಲ್ಲ, ಪೂರ್ತಿಯಾಗಿ. ಫರ್ಸಿ ಬಿಟ್ಟ ಸದ್ದು ಬಂತು. ಚೆಂಡು ನೀರಿನ ಮೇಲೆ ಎತ್ತರಕ್ಕೆ ಹೋಗಿ, ಆಚೆ ದಿಬ್ಬದ ಪುಡಿಯಲ್ಲಿ ಪುಸಕ್ ಅಂತ ಕುಂತು, ಅಲ್ಲೇ ನಿಂತಿತು. ಉದ್ದ ಕೋಲಿನ ಆ ಮೊದಲ ದಿನದ ಹೊಡೆತದಷ್ಟು ದೂರ ಅಲ್ಲ. ಬೇಕಾದಷ್ಟು ದೂರ. ಛತ್ರಿಯವನು ಛತ್ರಿ ಮಡಿಚಿ ಎದ್ದುಹೋದ.

ಪಂದ್ಯ ಮಾತ್ರ ವಾಡಿಯವರೇ ಗೆದ್ದರು. ಎರಡು ಹೆಜ್ಜೆ ಹತ್ತಿರದಿಂದ ಡಬ್ಬಿಗೆ ಹಾಕುವ ಚೆಂಡನ್ನು ಬೀರೇಶ ಡಬ್ಬಿಯ ಕಂಠಕ್ಕೆ ಬಡಿದು ಹೊರಗೆ ಉರುಳಿಸಿದ. ಆ ದಿನದಿಂದ ಅಂಬರಾಯ ಆಡಬಾರದು ಅನ್ನುವ ಮಾತು ಬೀರೇಶನ ಬಾಯಿಂದ ಬಂದಿಲ್ಲ. ನಾಗೇಂದ್ರಪ್ಪ ಚಹಾ ಕುಡಿಯುತ್ತ ಹತ್ತು ಮಂದಿಗೆ ಕೇಳುವ ಹಾಗೆ, "ನಾ ಅವತ್ತೇ ಹೇಳಿದ್ದಿಲ್ಲೇನು?" ಅಂದ. ಅಂಬರಾಯನ ಕಿವಿ ಕೆಂಪಾದವು. ನೀ ಹೇಳಿದ್ದು ನನ್ನ ಮೈ ನೋಡಿ, ಅಳೆದು ಅಲ್ಲ ಅಂತ ಹೇಳಬೇಕು ಅನಿಸಿತು. ಅಳಿಯ. ಬಸಿಯಲ್ಲಿದ್ದ ಚಹಾ ಈ ಸಲ ಚೆಲ್ಲದೆ ಕುಡಿದ.

ಮರುದಿನ ಒಂದು ಕಡ್ಡಿ ಹಿಡಿದು ಜಬೀನಾಳ ಅಂಗಡಿಗೆ ಹೋದ.

"ಭಾಬಿ, ಬರ್ರಿ ಹೊರಗ. ನಿಮ್ಮ ಕಾವು ಅಳೀಬೇಕು."

"ನನ್ನ ಕಡಿ ಎಲ್ಲಿ ಕಾವು ಅದ ಭೈಯಾ? ಚಮಚಾ ಅಳೀರಿ ಬೇಕಾದ್ರ."

"ಚ್ಯಾಷ್ಟಿ ಬ್ಯಾಡ. ಋಣ ಋಣನೇ."

"ಋಣನೇ. ಆದ್ರ ನಾ ಘಣ ಹಿಡಿಯೂ ದಿನಾ ಬರ್ಲಿ, ಕರೀತೀನಿ," ಅಂತ ನಕ್ಕು ಚಹಾ ಕೊಟ್ಟಳು.

ಮುಂದೆ ಲಾರಿಗಳ ದಾರಿ ಬೇರೆ ಕಡೆ ಆಯಿತು. ಖಣಿ ದಂಡೆಯ ಅಂಗಡಿಗೆ ಗಿರಾಕಿ ಇಲ್ಲದೆ, ಜಬೀನಾ ಚಿತ್ತಾಪುರ ಬಸ್ ನಿಲ್ದಾಣದ ಹತ್ತಿರ ಹೋಗಿ ಒಲೆ ಹೂಡಿದಳು. ಅಂಬರಾಯ ಆ ಕಡೆ ಹೋದಾಗಲೆಲ್ಲ ಅವಳಲ್ಲೇ ಚಹಾ ಕುಡಿಯುತ್ತಾನೆ. ಪ್ರತಿ ಸಲ ಕೇಳುತ್ತಾನೆ. ಪ್ರತಿ ಸಲ ಅವಳು ಚಮಚ ಎತ್ತಿ ತೋರಿಸುತ್ತಾಳೆ. ಇತ್ತ ಭಂಕೂರಿನಲ್ಲಿ ಹೊಸ ಘಣ ತಂದವರು ಅವನ ಮುಂದೆ ಕೈ ಜೋತುಬಿಟ್ಟು ನಿಲ್ಲುತ್ತಾರೆ. ಅಷ್ಟು ವರ್ಷ ಖಣಿಯಲ್ಲಿದ್ದವನು, ಅವನಿಗಿಂತ ಚೊಕ್ಕ ಅಳೆಯುವವರು ಯಾರು? ಅಂಬರಾಯ ಕಡ್ಡಿ ಮುಟ್ಟುವುದಿಲ್ಲ.

"ಬ್ಯಾರೆಯವರ ಕಡಿ ಹೋಗ್ರಿ," ಅನ್ನುತ್ತಾನೆ. "ನನ್ನದು ಚಿತ್ತಾಪುರದಾಗ ಬಾಕಿ ಅದ."